ನಿರ್ದೇಶಕರಿಲ್ಲದ ಆಟವನ್ನು ನಡೆಸುವವರು ಯಾರು?

ಮಳೆಗಾಲದಲ್ಲಿ ಕರಾವಳಿಯ ಮೇಳಗಳು, ಅಂದರೆ ತಂಡಗಳು, ಬೆಂಗಳೂರಿಗೆ ಬಂದಾಗ ಕಚೇರಿಯ ಗೆಳೆಯರನ್ನು ಯಕ್ಷಗಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಆಟ ಮುಗಿಸಿ ಹೊರಬರುವಾಗ ಪ್ರತಿ ಸಲವೂ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ: "ಇವರು ಎಷ್ಟು ದಿನ ತಾಲೀಮು ಮಾಡಿರುತ್ತಾರೆ? ನಿರ್ದೇಶಕರು ಯಾರು?" ರೂಢಿಯ ಪೌರಾಣಿಕ ಪ್ರಸಂಗಗಳಿಗೆ ತಾಲೀಮೂ ಇಲ್ಲ, ನಿರ್ದೇಶಕರೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ.

ಉತ್ತರ ರಂಗಸ್ಥಳದಲ್ಲೇ, ವೇಷಧಾರಿಗಳ ಹಿಂದೆ ಕುಳಿತಿರುತ್ತದೆ. ಬಣ್ಣ ಹಚ್ಚದ, ಗೆಜ್ಜೆ ಕಟ್ಟದ, ತಾಳ ಹಿಡಿದು ಪದ್ಯ ಹಾಡುವ ಭಾಗವತರನ್ನೇ ನಮ್ಮಲ್ಲಿ ಮೊದಲ ವೇಷ ಎನ್ನುತ್ತಾರೆ. ಗೌರವಕ್ಕಾಗಿ ಆಡುವ ಮಾತಲ್ಲ ಅದು. ಇಡೀ ಆಟ ನಿಂತಿರುವುದೇ ಅವರ ಮೇಲೆ.

ಪ್ರಸಂಗದ ಪುಸ್ತಕ ತೆರೆದರೆ ಅದರಲ್ಲಿ ಇರುವುದು ಪದ್ಯಗಳು ಮಾತ್ರ. ಮಾತು, ಅಂದರೆ ಅರ್ಥ, ಆಯಾ ಕಲಾವಿದರದ್ದೇ. ಆ ರಾತ್ರಿ, ಆ ಎದುರಾಳಿಯ ಮುಂದೆ ಹುಟ್ಟುವಂಥದ್ದು. ಕೃಷ್ಣ ಹತ್ತು ನಿಮಿಷ ಮಾತಾಡುತ್ತಾನೋ ಅರ್ಧ ಗಂಟೆಯೋ ಎಂಬುದು ಕೃಷ್ಣನ ವೇಷ ಕಟ್ಟಿದವರಿಗೂ ಮೊದಲೇ ಗೊತ್ತಿರುವುದಿಲ್ಲ. ಮುಂದಿನ ಪದ್ಯವನ್ನು ಯಾವಾಗ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವ ಸಾಲನ್ನು ಮತ್ತೆ ಮತ್ತೆ ಹಾಡಿ ಕುಣಿತಕ್ಕೆ ಜಾಗ ಕೊಡಬೇಕು ಎಂಬ ತೀರ್ಮಾನವೆಲ್ಲ ಭಾಗವತರದ್ದು. ಚೆಂಡೆಯವರಿಗೆ ಕಣ್ಣಿನಲ್ಲೇ ಒಂದು ಸನ್ನೆ, ಮದ್ದಲೆಯವರತ್ತ ಒಂದು ಓರೆನೋಟ. ಅಷ್ಟರಲ್ಲಿ ರಂಗಸ್ಥಳದ ಬಿಸಿಯೇ ಬದಲಾಗಿರುತ್ತದೆ.

ವೇಷಧಾರಿ ಪ್ರೇಕ್ಷಕರ ಕಡೆ ತಿರುಗಿದಾಗ ಭಾಗವತರಿಗೆ ಕಾಣುವುದು ಅವನ ಬೆನ್ನು. ಆ ಬೆನ್ನನ್ನು ಓದಬಲ್ಲವರೇ ಒಳ್ಳೆಯ ಭಾಗವತರು. ಉಸಿರು ಹಿಡಿಯುತ್ತಿದೆಯೇ, ಹಿಮ್ಮಡಿ ಇನ್ನೂ ತುಡಿಯುತ್ತಿದೆಯೇ, ಹೇಳಬೇಕಾದ ಮಾತು ಬಾಯಿಗೆ ಬಂದು ನಿಂತಿದೆಯೇ ಎಂಬುದೆಲ್ಲ ಭುಜದಲ್ಲೇ ತಿಳಿಯುತ್ತದೆ. ಮಂಡಿನೋವಿನ ಹಿರಿಯ ಕಲಾವಿದರು ಬಂದರೆ ಕುಣಿತದ ಪದ್ಯವನ್ನು ಚಿಕ್ಕದು ಮಾಡಿ ಲಯವನ್ನು ಇಳಿಸುತ್ತಾರೆ, ಮಾತಿಗೆ ಹೊತ್ತು ಕೊಡುತ್ತಾರೆ. ಚುರುಕು ಕುಣಿತದ ಪುಂಡುವೇಷ ಕಟ್ಟಿದ ಇಪ್ಪತ್ತರ ಹುಡುಗ ಬಂದನೋ, ಅದೇ ತಾಳ ಕಾಲು ಹಾರುವಷ್ಟು ಏರುತ್ತದೆ. ಇಬ್ಬರೂ ತಮ್ಮ ತಮ್ಮ ಮಟ್ಟದಲ್ಲಿ ಪೂರ್ತಿಯಾಗಿ ಅರಳುತ್ತಾರೆ.

ಎಲ್ಲ ಭಾಗವತರೂ ಹೀಗಿರುವುದಿಲ್ಲ. ಆಲಾಪನೆಗೆ ಶಿಳ್ಳೆ ಬಿತ್ತೆಂದು ಹಾಡುತ್ತಲೇ ಹೋಗಿ, ವೇಷಧಾರಿಯನ್ನು ಕಂಬದಂತೆ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಕಂಠ ಎಷ್ಟೇ ಚೆನ್ನಾಗಿರಲಿ, ಅಂಥ ರಾತ್ರಿ ಆಟ ಮೇಲೇಳುವುದಿಲ್ಲ. ಇಡೀ ರಾತ್ರಿಯ ಆಟದಲ್ಲಿ ಹೊತ್ತು ಹಂಚಿಕೊಳ್ಳುವ ಪದ್ಧತಿ ಇರುವುದೂ ನನಗೆ ಇದೇ ಕಾರಣಕ್ಕೆ ಇಷ್ಟ. ಕಥೆಗೆ ಮುಂಚಿನ ಪೂರ್ವರಂಗವನ್ನು ಕಿರಿಯರು ಹಾಡುತ್ತಾರೆ, ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಅವರಿಗೆ ಸಂಗೀತಗಾರ ಎಂದು ಹೆಸರು. ಹಿರಿಯ ಭಾಗವತರು ಕೂರುವುದು ರಾತ್ರಿ ಬೆಳೆದ ಮೇಲೆ.

ಬೇರೆ ದಾರಿಯೂ ಇದೆ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ತೆಗೆದರು, ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ತಂದರು, ಒಂದೊಂದು ಹೆಜ್ಜೆಯನ್ನೂ ತಿದ್ದಿದರು. ಅದು ಚೆಂದದ ಕೆಲಸವೇ. ಆದರೆ ಅಲ್ಲಿ ಕಲಾವಿದರು ತಲುಪಬಹುದಾದ ಎತ್ತರವನ್ನು ಒಬ್ಬರ ಕಲ್ಪನೆ ಮೊದಲೇ ಗೊತ್ತುಮಾಡಿರುತ್ತದೆ. ಮೇಳದ ಭಾಗವತರಿಗೆ ತಮ್ಮ ಕಲಾವಿದ ಇಂದು ಏನು ಹೇಳುತ್ತಾನೆ ಎಂಬುದು ತಿಳಿಯದು. ತಿಳಿಯದೆಯೇ ಅದಕ್ಕೆ ದಾರಿ ಬಿಡಬೇಕು.

ಇದನ್ನು ನಾನು ಅರ್ಥಮಾಡಿಕೊಂಡದ್ದು ನಮ್ಮೂರಿನ ಹರಕೆಯ ಆಟವೊಂದರಲ್ಲಿ. ಪ್ರಸಂಗ ಅಭಿಮನ್ಯು ಕಾಳಗ. ಅಭಿಮನ್ಯು ಮಾಡಬೇಕಾದವರಿಗೆ ಜ್ವರ. ಚೌಕಿಯಲ್ಲಿ ದೀಪದ ಎದುರು ಬಣ್ಣ ಹಚ್ಚಿಕೊಳ್ಳುತ್ತಿದ್ದ, ಅಲ್ಲಿಯವರೆಗೆ ಸಣ್ಣಪುಟ್ಟ ವೇಷ ಮಾಡುತ್ತಿದ್ದ ಹುಡುಗನ ಹತ್ತಿರ ಭಾಗವತರು ಬಂದು ಕುಳಿತರು. "ಯಾವ ಪದ್ಯ ಬಾಯಿಗೆ ಬರುತ್ತದೆ, ಹೇಳು" ಎಂದರು. ಹುಡುಗ ನಾಲ್ಕೈದು ಹೇಳಿದ. "ಸಾಕು, ಅಷ್ಟನ್ನೇ ಹಾಡುತ್ತೇನೆ" ಎಂದು ಎದ್ದು ಹೋದರು.

ಕುಣಿತ ಹೇಗೋ ಸಾಗಿತು. ವ್ಯೂಹದ ಬಾಗಿಲಿಗೆ ಬಂದಾಗ ಹುಡುಗನ ಮಾತು ನಿಂತಿತು. ಮದ್ದಲೆಯ ಮೇಲಿದ್ದ ಕೈ ಕೂಡ ಹಾಗೆಯೇ ತಡೆಯಿತು. ಭಾಗವತರು ಮುಂದಿನ ಪದ್ಯ ಎತ್ತಿಕೊಂಡಿದ್ದರೆ ಆಟ ಉಳಿಯುತ್ತಿತ್ತು, ಹುಡುಗ ಕುಗ್ಗುತ್ತಿದ್ದ. ಅವರು ಕೈಯಲ್ಲಿದ್ದ ತಾಳವನ್ನು ಮಡಿಲಿಗಿಟ್ಟು ಕೇಳಿದರು: "ಕುಮಾರಾ, ತಾಯಿಯನ್ನು ಕೇಳಿ ಬಂದೆಯೋ, ತಾಯಿಗೆ ಹೇಳಿ ಬಂದೆಯೋ?"

ಪಾತ್ರವನ್ನು ಭಾಗವತರು ಮಾತಾಡಿಸುವುದು ಯಕ್ಷಗಾನದಲ್ಲಿ ಹಳೆಯ ರೂಢಿ. ಹಾಗಾಗಿ ಸಭೆಗೆ ಏನೂ ಅನ್ನಿಸಲಿಲ್ಲ. ಹುಡುಗ ಒಂದು ಕ್ಷಣ ತಿರುಗಿ ನೋಡಿದ. "ಕೇಳಿದ್ದರೆ ಬೇಡವೆನ್ನುತ್ತಿದ್ದಳು, ಭಾಗವತರೇ. ಅದಕ್ಕೇ ಹೇಳಿ ಬಂದೆ."

ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮಾತನ್ನು ಹುಡುಗನಿಗೆ ಯಾರೂ ಕಲಿಸಿರಲಿಲ್ಲ. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಕಚೇರಿಯಲ್ಲಿ ಈಗ ನನ್ನ ಜೊತೆ ಒಂಬತ್ತು ಜನ ಕೆಲಸ ಮಾಡುತ್ತಾರೆ. ಸಭೆಯಲ್ಲಿ ಯಾರಾದರೂ ತಡವರಿಸಿದರೆ ಅವರ ಉತ್ತರವನ್ನು ನಾನೇ ಹೇಳಿಬಿಡುವ ಅಭ್ಯಾಸ ನನಗಿತ್ತು. ಈಗ ಅಂಥ ಹೊತ್ತಿನಲ್ಲಿ ಮಡಿಲಿಗಿಳಿದ ಆ ತಾಳ ಕಣ್ಣಿಗೆ ಬರುತ್ತದೆ. ಅವರು ಉತ್ತರಿಸಬಲ್ಲ ಪ್ರಶ್ನೆ ಯಾವುದೆಂದು ಹುಡುಕುತ್ತೇನೆ. ಅದು ಸುಲಭವಲ್ಲ, ಆ ವ್ಯಕ್ತಿಯನ್ನು ಮೊದಲೇ ಚೆನ್ನಾಗಿ ಗಮನಿಸಿರಬೇಕು.

ಆ ಹರಕೆಯ ಆಟವಾಗಿ ವಾರದ ಬಳಿಕ ಪಕ್ಕದ ಊರಿನಲ್ಲಿ ಅದೇ ಪ್ರಸಂಗವಿತ್ತು, ಅದೇ ಹುಡುಗನದೇ ಅಭಿಮನ್ಯು. ಮತ್ತೆ ಹೋಗಿ ಮುಂದೆಯೇ ಕುಳಿತೆ. ಭಾಗವತರು ಈ ಸಲ ಪದ್ಯಗಳನ್ನು ಕಡಿಮೆ ಮಾಡಲಿಲ್ಲ, ಲಯವನ್ನೂ ಒಂದಿಷ್ಟು ಏರಿಸಿದ್ದರು. ವ್ಯೂಹದ ಬಾಗಿಲಲ್ಲಿ ಹುಡುಗ ನಿಂತಾಗ ಪ್ರಶ್ನೆ ಬರಬಹುದೆಂದು ಕಾದೆ. ಅವರು ಕೇಳಲಿಲ್ಲ. ಹುಡುಗನೇ ಅವರ ಕಡೆ ತಿರುಗಿ, "ಭಾಗವತರೇ, ನನ್ನ ತಾಯಿಯ ಸುದ್ದಿ ಏನಾದರೂ ಬಂತೇ?" ಎಂದು ಕೇಳಿದ.