ಐನೂರು ಮೀಟರಿಗೆ ಒಂದು ಮೀಟರ್: ಗಿಜಾದಿಂದ ಸಿಡ್ನಿಯವರೆಗೆ

ಗಿಜಾದ ದೊಡ್ಡ ಪಿರಮಿಡ್ಡಿನ ಒಂದು ಬದಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಮೂರು ನಿಮಿಷ ಬೇಕು. ಉದ್ದ 230 ಮೀಟರ್. ಮಕ್ಕಳ ಪ್ರದರ್ಶನಕ್ಕೆ ಮಾದರಿ ಮಾಡಲು ಹೊರಟವರು ಮೊದಲು ಈ ನಡಿಗೆ ನಡೆಯುವುದು ಒಳ್ಳೆಯದು. ಏಕೆಂದರೆ ಚಿತ್ರಪುಸ್ತಕ ಮಾಡುವ ದೊಡ್ಡ ಮೋಸ ಅಳತೆಯದು: ಅದರಲ್ಲಿ ಪೀಸಾ ಗೋಪುರವೂ ಪುಟದ ತುಂಬ, ಐಫೆಲ್ ಗೋಪುರವೂ ಪುಟದ ತುಂಬ. ಆ ಮೋಸವನ್ನೇ ಮೇಜಿನ ಮೇಲೂ ಇಡಬಾರದೆಂದರೆ ಎಲ್ಲ ಕಟ್ಟಡಕ್ಕೂ ಒಂದೇ ಪ್ರಮಾಣ ಹಿಡಿಯಬೇಕು. 1:500 ಅನುಕೂಲದ್ದು. ಐನೂರು ಮೀಟರಿಗೆ ಒಂದು ಮೀಟರ್. ಒಂದೂವರೆ ಮೀಟರ್ ಎತ್ತರದ ಹುಡುಗಿ ಆಗ 3 ಮಿ.ಮೀ. ಆಗುತ್ತಾಳೆ, ಅಂದರೆ ನಿಲ್ಲಿಸಿದ ಒಂದು ಎಳ್ಳುಕಾಳು. ಪ್ರತಿ ಮಾದರಿಯ ಬುಡದಲ್ಲೂ ಒಂದೊಂದು ಎಳ್ಳು ಅಂಟಿಸಿಬಿಟ್ಟರೆ ಅರ್ಧ ವಿವರಣೆ ಮುಗಿದಂತೆ.

ಉದ್ದ ಐನೂರು ಪಾಲು ಕುಗ್ಗಿದರೆ ತೂಕ ಐನೂರು ಪಾಲಲ್ಲ, 500×500×500, ಹನ್ನೆರಡೂವರೆ ಕೋಟಿ ಪಾಲು ಕುಗ್ಗುತ್ತದೆ. ಈ ಒಂದು ಲೆಕ್ಕವನ್ನು ಜೊತೆಗಿಟ್ಟುಕೊಂಡು ಹೊರಟರೆ ದಾರಿಯುದ್ದಕ್ಕೂ ಬೇರೆಯೇ ಪ್ರವಾಸ.

ಪಿರಮಿಡ್ಡಿನ ಮೂಲ ಎತ್ತರ 146.6 ಮೀಟರ್. ಹೊರಮೈಯ ನಯವಾದ ಸುಣ್ಣಕಲ್ಲಿನ ಹೊದಿಕೆಯೂ ತುದಿಯೂ ಹೋಗಿ ಈಗ ಉಳಿದಿರುವುದು 138 ಮೀಟರ್ ಚಿಲ್ಲರೆ. ಹೊದಿಕೆ ಹೇಗಿತ್ತೆಂದು ನೋಡಬೇಕಾದರೆ ಪಕ್ಕದ ಖಾಫ್ರೆ ಪಿರಮಿಡ್ಡಿನ ತುದಿ ನೋಡಬೇಕು, ಅಲ್ಲಿ ಟೋಪಿಯಂತೆ ಉಳಿದುಕೊಂಡಿದೆ. ಮಾದರಿ ರಟ್ಟಿನಲ್ಲಿ ಮಾಡುವುದಾದರೆ ತಳ 46 ಸೆಂ.ಮೀ., ಎತ್ತರ 29.3 ಸೆಂ.ಮೀ. ಇಲ್ಲಿಯೇ ಹತ್ತಕ್ಕೆ ಎಂಟು ಮಂದಿ ಎಡವುವುದು. ತ್ರಿಕೋನ ಕತ್ತರಿಸುವಾಗ ಅದರ ಎತ್ತರವನ್ನೂ 29.3 ಎಂದೇ ಇಟ್ಟುಕೊಳ್ಳುತ್ತಾರೆ. ನಾಲ್ಕನ್ನೂ ಅಂಟಿಸಿ ನಿಲ್ಲಿಸಿದರೆ ಪಿರಮಿಡ್ ಬರೀ 18 ಸೆಂ.ಮೀ.ಗೆ ಚಪ್ಪಟೆಯಾಗಿ ಕೂರುತ್ತದೆ, ಏಕೆಂದರೆ ತ್ರಿಕೋನ ಒಳಕ್ಕೆ ವಾಲಿದೆ. ಕತ್ತರಿಸಬೇಕಾದ್ದು ಓರೆ ಎತ್ತರ: 37.3 ಸೆಂ.ಮೀ. ಈಜಿಪ್ಟಿನವರು ಕೋನಮಾಪಕ ಹಿಡಿಯಲಿಲ್ಲ. ಏಳು ಅಂಗೈ ಮೇಲೇರಿದರೆ ಐದೂವರೆ ಅಂಗೈ ಒಳಸರಿಯಬೇಕು ಎಂಬುದೇ ಅವರ ಲೆಕ್ಕ. ಮಕ್ಕಳ ಕೈಗೆ ಕೊಡಲು ಕೋನಕ್ಕಿಂತ ಇದು ವಾಸಿ.

ಒಳಗೆ ಹೋಗುವ ದಾರಿ ತಗ್ಗು, ಬೆನ್ನು ಬಗ್ಗಿಸಿಯೇ ಏರಬೇಕು. ಅದು ಮುಗಿದು ಮಹಾ ಮೊಗಸಾಲೆಗೆ ಬಂದರೆ ತಲೆಯ ಮೇಲೆ ಎಂಟೂವರೆ ಮೀಟರ್ ತೆರವು. ಎರಡೂ ಗೋಡೆ ಸಾಲು ಸಾಲಾಗಿ ಒಳಚಾಚಿ ಮೇಲೆ ಕಿರಿದಾಗುತ್ತವೆ, ಅಲ್ಲಿ ಕಮಾನಿಲ್ಲ. ರಾಜನ ಕೋಣೆಯ ಚಪ್ಪಡಿಗಳ ಮೇಲೆ ಕಣ್ಣಿಗೆ ಕಾಣದ ಐದು ಟೊಳ್ಳು ಅಟ್ಟಗಳಿವೆ. ಮೇಲಿನ ಭಾರ ನೇರ ಕೋಣೆಯ ಮೇಲೆ ಕೂರದಂತೆ ಪಕ್ಕಕ್ಕೆ ಸರಿಸುವ ಉಪಾಯ. ಮಾದರಿಯ ಒಂದು ಬದಿ ಬಾಗಿಲಿನಂತೆ ತೆರೆಯುವಂತಿದ್ದರೆ ತೋರಿಸಬೇಕಾದ್ದು ಈ ಅಟ್ಟಗಳನ್ನು, ಬಂಗಾರದ ಶವಪೆಟ್ಟಿಗೆಯನ್ನಲ್ಲ. ಅಂಥದ್ದು ಇಲ್ಲಿ ಸಿಕ್ಕಿಯೂ ಇಲ್ಲ.

ತೂಕ: ಸುಮಾರು 23 ಲಕ್ಷ ಕಲ್ಲು, ಸರಾಸರಿ ಎರಡೂವರೆ ಟನ್. 1:500ರಲ್ಲಿ 46 ಕಿಲೋ. 50 ಕಿಲೋದ ಸಿಮೆಂಟ್ ಚೀಲಕ್ಕಿಂತ ತುಸು ಕಡಿಮೆ. ಈ ಅಂಕಿಯನ್ನು ಪ್ಯಾರಿಸಿನವರೆಗೆ ನೆನಪಿಡಬೇಕು.

ಕೈರೋದಲ್ಲಿ ಅರ್ಧ ದಿನ ಮಿಕ್ಕಿದರೆ ದಹಶೂರಿಗೆ, ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಗಿಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ರಾಜ ಖುಫು. ಅವನ ತಂದೆ ಸ್ನೆಫೆರು ಅಲ್ಲಿ ಕಟ್ಟಿಸಿದ ಪಿರಮಿಡ್ 54 ಡಿಗ್ರಿಯಲ್ಲಿ ಏರುತ್ತಾ ನಡುವೆ ಸೊಂಟ ಮುರಿದಂತೆ 43 ಡಿಗ್ರಿಗೆ ಬಗ್ಗಿದೆ. ನೆಲ ಗಟ್ಟಿಯಿರಲಿಲ್ಲ, ಒಳಗೆ ಬಿರುಕು ಬಂದಿತ್ತು, ಮೇಲಿನ ಭಾರ ಇಳಿಸಲು ಇಳಿಜಾರು ಕಡಿಮೆ ಮಾಡಿದರು ಎನ್ನುವುದು ಹೆಚ್ಚು ಒಪ್ಪಿತವಾದ ವಿವರಣೆ. ಪ್ರದರ್ಶನದಲ್ಲಿ ತಪ್ಪಿಗೂ ಒಂದು ಜಾಗ ಇರಬೇಕು. ಗಿಜಾದ ಪಕ್ಕ ಇದೂ ಇರಲಿ.

ರೋಮಿನ ಪುರಾತನ ದೇಗುಲ ಪ್ಯಾಂಥಿಯನ್ನಿನ ಹತ್ತಿರಕ್ಕೆ ಮೆಟ್ರೋ ಇಲ್ಲ. ಗಲ್ಲಿ ಹಿಡಿದು ನಡೆದರೆ ಚೌಕಕ್ಕೆ ಬಿದ್ದಾಗಲೇ ಕಾಣುವುದು. ಚಕ್ರವರ್ತಿ ಹೇಡ್ರಿಯನ್ ಕಾಲದ, ಕ್ರಿ.ಶ. 126ರ ಹೊತ್ತಿನ ಕಟ್ಟಡ. ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ನೆತ್ತಿಯ ಕಿಂಡಿಗೂ ಅಷ್ಟೇ. ಹಾಗಾಗಿ 1:500ರಲ್ಲಿ 8.7 ಸೆಂ.ಮೀ.ನ ಚೆಂಡು ಒಳಗೆ ಕರಾರುವಾಕ್ಕಾಗಿ ಕೂರುತ್ತದೆ. ಮಾದರಿಯನ್ನು ಅರ್ಧ ಸೀಳಿ ಚೆಂಡು ಇಟ್ಟರೆ ಬೇರೆ ಮಾತು ಬೇಡ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ನಿಂತಿರುವ ಗುಟ್ಟು ಜಲ್ಲಿಯಲ್ಲಿದೆ: ಕೆಳಗೆ ಭಾರದ ಕಲ್ಲು, ಮೇಲಕ್ಕೆ ಹೋದಂತೆ ಹಗುರ, ನೆತ್ತಿಯ ಬಳಿ ನೀರಲ್ಲಿ ತೇಲುವ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲು. ದಪ್ಪವೂ ಬುಡದಲ್ಲಿ 6 ಮೀಟರಿಗೂ ಹೆಚ್ಚು, ಕಿಂಡಿಯ ಅಂಚಿನಲ್ಲಿ 1.2. ಒಂದು ಲೋಟ ನೀರು, ಒಂದು ಪ್ಯೂಮಿಸ್ ತುಂಡು, ಒಂದು ಕರಿಗಲ್ಲಿನ ಜಲ್ಲಿ ಪಕ್ಕದಲ್ಲಿಟ್ಟರೆ ಸಾಕು. ಕಿಂಡಿಗೆ ಗಾಜಿಲ್ಲ, ಮಳೆ ಒಳಗೇ ಬೀಳುತ್ತದೆ. ನೆಲ ನಡುವೆ ಕಂಡೂ ಕಾಣದಷ್ಟು ಉಬ್ಬಿದೆ, ತೂತುಗಳಿವೆ, ನೀರು ಇಳಿದುಹೋಗುತ್ತದೆ.

ಅಲ್ಲಿಂದ ರೈಲಿನಲ್ಲಿ ಫ್ಲಾರೆನ್ಸಿಗೆ ಒಂದೂವರೆ ಗಂಟೆ. ಈ ದಾರಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಊರು ಇದು. ಕೆಥೆಡ್ರಲ್ಲಿನ ಗುಮ್ಮಟ ಹತ್ತಲು ಸಮಯ ನಿಗದಿಪಡಿಸಿ ಮುಂಚೆಯೇ ಟಿಕೆಟ್ ಪಡೆಯಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ, ಕೆಲವೆಡೆ ಇಳಿಯುವವರಿಗೆ ಗೋಡೆಗೊತ್ತಿ ದಾರಿ ಬಿಡಬೇಕು. ಆದರೆ ಆ ಇಕ್ಕಟ್ಟೇ ನೋಡಬೇಕಾದ ವಸ್ತು: ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲಿ ನಡೆಯುತ್ತಿರುತ್ತೇವೆ. ಒಳಗಿನದು ಸುಮಾರು 2 ಮೀಟರ್ ದಪ್ಪ, ಭಾರ ಹೊರುವಂಥದ್ದು. ಹೊರಗಿನದು ತೆಳು, ಮಳೆಗಾಳಿಗೆ ಕೊಡೆ ಹಿಡಿದಂತೆ. ಮೇಲೇರಿದಂತೆ ಎರಡೂ ಗೋಡೆ ಒಂದೇ ಕಡೆಗೆ ವಾಲುತ್ತಾ ಬರುತ್ತವೆ. ಕೊನೆಯ ಮೆಟ್ಟಿಲುಗಳು ಒಳ ಗುಮ್ಮಟದ ಬೆನ್ನ ಮೇಲೆಯೇ ಹತ್ತುತ್ತವೆ.

ಈ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿ 1420ರಲ್ಲಿ ಕೆಲಸ ಹಿಡಿದಾಗ ಕೆಳಗಿನ ಗೋಡೆಗಳು ಆಗಲೇ ಎದ್ದು ಸುಮಾರು 45 ಮೀಟರಿನ ಎಂಟು ಮೂಲೆಯ ಬಾಯಿ ತೆರೆದುಕೊಂಡಿತ್ತು. ಅಷ್ಟಗಲಕ್ಕೆ ನೆಲದಿಂದ ಮರದ ಸೆಂಟ್ರಿಂಗ್ ಎಬ್ಬಿಸುವುದು ಆಗದ ಮಾತು. ಇಟ್ಟಿಗೆ ಇಳಿಜಾರಾಗುತ್ತಾ ಹೋದಂತೆ ಹಸಿ ಗಾರೆಯ ಮೇಲೆ ಜಾರಬೇಕಲ್ಲ, ಏಕೆ ಜಾರಲಿಲ್ಲ? ಸಂದಿಯಲ್ಲಿ ದೀಪದ ಬೆಳಕು ಬೀಳುವಲ್ಲಿ ಗೋಡೆಯನ್ನು ದಿಟ್ಟಿಸಿದರೆ ಉತ್ತರ ಕಾಣುತ್ತದೆ. ಮಲಗಿಸಿದ ಕೆಲವು ಇಟ್ಟಿಗೆ, ನಡುವೆ ನೆಟ್ಟಗೆ ನಿಲ್ಲಿಸಿದ ಒಂದು, ಮತ್ತೆ ಮಲಗಿಸಿದ ಕೆಲವು. ನಿಂತ ಇಟ್ಟಿಗೆ ಕೆಳಗಿನ ಗಟ್ಟಿಯಾದ ವರಸೆಗೆ ಬೆಣೆಯಂತೆ ಕಚ್ಚಿಕೊಂಡು ಮಲಗಿದವನ್ನು ಜಾರಗೊಡುವುದಿಲ್ಲ. ಒಂದು ಸುತ್ತು ಮುಚ್ಚಿಕೊಂಡರೆ ಆ ಬಳೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಹೊರಕ್ಕೆ ತಳ್ಳುವ ಒತ್ತಡಕ್ಕೆ ಕಲ್ಲಿನ, ಮರದ ಸರಪಳಿಗಳನ್ನು ಪೀಪಾಯಿಯ ಪಟ್ಟಿಯಂತೆ ಒಳಗೆ ಬಿಗಿದಿದ್ದಾರೆ. ಆದರೂ ಬಿರುಕು ಬಿಟ್ಟಿದೆ. ಅವುಗಳ ಅಗಲವನ್ನು ಉಪಕರಣಗಳು ಇಂದೂ ಅಳೆಯುತ್ತಿವೆ.

ಮಾದರಿಗೆ ಇಲ್ಲಿ 1:500 ಕೈಕೊಡುತ್ತದೆ. ಎರಡು ಗುಮ್ಮಟಗಳ ನಡುವಿನ 1.2 ಮೀಟರ್ ಸಂದಿ 2.4 ಮಿ.ಮೀ. ಆಗಿ ಅಂಟಿನಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ ಇಡೀ ಕಟ್ಟಡ 1:500ರಲ್ಲೇ ಇರಲಿ, ಗುಮ್ಮಟದ ಒಂದು ಹೋಳನ್ನು ಮಾತ್ರ 1:100ರಲ್ಲಿ ಬೇರೆಯಾಗಿ ಮಾಡಿ, ಪ್ರಮಾಣ ಬದಲಾಗಿದೆ ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ಸಂದಿ ಆಗ 1.2 ಸೆಂ.ಮೀ., ಮಗುವಿನ ಬೆರಳು ಹೋಗುವಷ್ಟು. ಇನ್ನೊಂದು ಮಾತು: ರಟ್ಟಿನ ಗುಮ್ಮಟ ಹೇಗೆ ಅಂಟಿಸಿದರೂ ನಿಲ್ಲುತ್ತದೆ. ಚಿಕ್ಕದಾದಂತೆ ತೂಕ ಹಗುರಾಗುವಷ್ಟು ವೇಗವಾಗಿ ಬಲ ಕುಂದುವುದಿಲ್ಲ. ಮಾದರಿ ನಿಂತಿತೆಂದು ಕಟ್ಟಡವೂ ನಿಂತೀತು ಎನ್ನುವ ಹಾಗಿಲ್ಲ. ಇಡೀ ಗುಮ್ಮಟ 37,000 ಟನ್ ಎಂದು ಲೆಕ್ಕ. ನಮ್ಮ ಪ್ರಮಾಣದಲ್ಲಿ 300 ಗ್ರಾಂ.

ಪೀಸಾ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಮುಖ್ಯ ನಿಲ್ದಾಣಕ್ಕಿಂತ ಸ್ಯಾನ್ ರೊಸ್ಸೋರೆ ನಿಲ್ದಾಣವೇ ಗೋಪುರಕ್ಕೆ ಹತ್ತಿರ. 8 ವರ್ಷದೊಳಗಿನ ಮಕ್ಕಳನ್ನು ಮೇಲೆ ಬಿಡುವುದಿಲ್ಲ. ಬುಡದಲ್ಲಿ ಎಲ್ಲರೂ ಗೋಪುರಕ್ಕೆ ಕೈಕೊಟ್ಟು ಪಟ ತೆಗೆಸಿಕೊಳ್ಳುತ್ತಿರುವಾಗ ಸ್ವಲ್ಪ ದೂರ ಸರಿದು ಅಂಚನ್ನು ನೋಡಬೇಕು: ಗೋಪುರ ವಾಲಿರುವುದಷ್ಟೇ ಅಲ್ಲ, ಬಾಳೆಹಣ್ಣಿನಂತೆ ಬಾಗಿದೆ. 1173ರಲ್ಲಿ ಶುರುವಾಗಿ, 1178ರ ಹೊತ್ತಿಗೆ ಮೂರನೆಯ ಅಂತಸ್ತಿಗೆ ನಿಂತು, 1272ರಲ್ಲಿ ಮತ್ತೆ ಮೊದಲಾಯಿತು. ವಾಲಿದ್ದನ್ನು ಸರಿದೂಗಿಸಲು ಮೇಲಿನ ಅಂತಸ್ತುಗಳನ್ನು ಇನ್ನೊಂದು ಕಡೆಗೆ ತಿರುಗಿಸುತ್ತಾ ಹೋದರು. ನಡುವಿನ ಆ ನೂರು ವರ್ಷದ ಬಿಡುವೇ ಗೋಪುರವನ್ನು ಉಳಿಸಿದ್ದು. ಕೆಳಗಿನ ಜೇಡಿಮಣ್ಣು ನೀರು ಹಿಂಡಿಕೊಂಡು ಗಟ್ಟಿಯಾಯಿತು. ಒಂದೇ ಉಸಿರಿಗೆ ಕಟ್ಟಿದ್ದರೆ ಅಂದೇ ಉರುಳುತ್ತಿತ್ತು.

ರಿಪೇರಿಯ ಕತೆ ಇನ್ನೂ ಸ್ವಾರಸ್ಯ. 1934ರಲ್ಲಿ ಬುನಾದಿಗೆ ತೂತು ಕೊರೆದು ಸಿಮೆಂಟ್ ತುಂಬಿದರು, ಇನ್ನಷ್ಟು ವಾಲಿತು. 1990ರಲ್ಲಿ ಬಾಗಿಲು ಹಾಕಿದಾಗ ಓರೆ ಐದೂವರೆ ಡಿಗ್ರಿ. 1995ರಲ್ಲಿ ನೆಲವನ್ನು ಹೆಪ್ಪುಗಟ್ಟಿಸಿ ಕೆಲಸ ಮಾಡಲು ಹೋಗಿ ಗೋಪುರ ಮತ್ತೆ ಅಲುಗಿತು, ಎದುರು ಬದಿಗೆ ಸೀಸದ ಗಟ್ಟಿಗಳನ್ನು ಹೇರಿ ತಡೆದರು. ಕೊನೆಗೆ ಕೆಲಸಕ್ಕೆ ಬಂದದ್ದು ಸರಳ ಉಪಾಯ: ಎತ್ತರದ ಬದಿಯ, ಅಂದರೆ ಉತ್ತರದ ಬುಡದಿಂದ ಮಣ್ಣು ತೆಗೆಯುವುದು. ಓರೆಯಾಗಿ ಇಳಿಸಿದ ಕೊಳವೆಗಳಿಂದ ಒಟ್ಟು 38 ಘನ ಮೀಟರ್. ಓರೆ 4 ಡಿಗ್ರಿಗೆ ಇಳಿಯಿತು, 2001ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. 1:500ರಲ್ಲಿ ಆ ಮಣ್ಣು ಐದಾರು ಹನಿ ನೀರಿನಷ್ಟು. ಇದನ್ನು ಮಕ್ಕಳೇ ಮಾಡಬಹುದು: ತಟ್ಟೆಯಲ್ಲಿ ಒದ್ದೆ ಮರಳು, ಮೇಲೆ ಕಿರುಬಾಟಲಿ ಓರೆಯಾಗಿ, ಎತ್ತರದ ಬದಿಯಲ್ಲಿ ಸ್ಟ್ರಾ ಚುಚ್ಚಿ ಸ್ವಲ್ಪ ಸ್ವಲ್ಪವೇ ಮರಳು ತೆಗೆದರೆ ಬಾಟಲಿ ನೆಟ್ಟಗಾಗುತ್ತದೆ. ಆತುರಪಟ್ಟು ಒಂದೇ ಸಲ ತೆಗೆದರೆ ಆ ಕಡೆಗೆ ಬೀಳುತ್ತದೆ, ಅದೂ ಪಾಠವೇ.

ಮಾದರಿ 11 ಸೆಂ.ಮೀ. ಎತ್ತರ. ತುದಿ ಹೊರಚಾಚಬೇಕಾದ್ದು ಬರೀ 8 ಮಿ.ಮೀ. ನೋಡುವವರಿಗೆ ಸಾಲದೆಂದು ಇಪ್ಪತ್ತು ಡಿಗ್ರಿ ವಾಲಿಸುವ ಚಪಲ ಎಲ್ಲರಿಗೂ ಬರುತ್ತದೆ. ಅದರ ಬದಲು ಪಕ್ಕದಲ್ಲಿ ಒಂದು ತೂಗುಗುಂಡು ಇಳಿಬಿಟ್ಟರೆ 8 ಮಿ.ಮೀ. ಚೆನ್ನಾಗಿ ಕಾಣುತ್ತದೆ. 14,500 ಟನ್ನಿನ ಗೋಪುರದ ತೂಕ ಈ ಪ್ರಮಾಣದಲ್ಲಿ 116 ಗ್ರಾಂ.

ಪ್ಯಾರಿಸಿನಲ್ಲಿ ಮೆಟ್ರೋದ 6ನೇ ಲೈನ್ ಪಾಸಿ ದಾಟಿ ಸೇನ್ ನದಿಯ ಮೇಲೆ ಬರುವಾಗ ಐಫೆಲ್ ಗೋಪುರ ಅಡಿಯಿಂದ ಮುಡಿಯವರೆಗೆ ಕಾಣುತ್ತದೆ. ಮುಂದಿನ ನಿಲ್ದಾಣ ಬೀರ್ ಹಕೇಮ್‌ನಲ್ಲಿ ಇಳಿಯಬೇಕು. ಎರಡನೆಯ ಅಂತಸ್ತಿಗೆ 674 ಮೆಟ್ಟಿಲು. ಲಿಫ್ಟಿನವರಿಗೆ ಕಾಣದ್ದು ಹತ್ತುವವರಿಗೆ ಕಾಣುತ್ತದೆ: ಕೈಗೆಟಕುವ ದೂರದಲ್ಲಿ ರಿವೆಟ್‌ಗಳ, ಅಂದರೆ ಕಬ್ಬಿಣದ ತುಂಡುಗಳನ್ನು ಬಿಗಿದ ಗುಂಡುತಲೆಯ ಮೊಳೆಗಳ, ತಲೆಗಳು. ಒಟ್ಟು 25 ಲಕ್ಷ. ಒಬ್ಬ ಕಾಯಿಸಿ ಕೊಡುವವ, ಒಬ್ಬ ಹಿಡಿಯುವವ, ಒಬ್ಬ ತಲೆ ರೂಪಿಸುವವ, ಒಬ್ಬ ಸುತ್ತಿಗೆಯವ, ಹೀಗೆ ನಾಲ್ವರ ಗುಂಪು. 18,038 ಬಿಡಿಭಾಗ, ಎರಡು ವರ್ಷ ಎರಡು ತಿಂಗಳು ಐದು ದಿನದ ಕೆಲಸ, 1889ಕ್ಕೆ ಮುಗಿಯಿತು. ನಾಲ್ಕು ಕಾಲುಗಳೂ ಒಳಕ್ಕೆ ವಾಲಿಕೊಂಡು ಬೆಳೆದು ಮೊದಲ ಅಂತಸ್ತಿನಲ್ಲಿ ಸೇರಬೇಕು, ತೂತಿಗೆ ತೂತು ಹೊಂದಬೇಕು. ಅದಕ್ಕೆ ಬುಡದಲ್ಲಿ ನೀರಿನ ಒತ್ತಡದ ಜಾಕಿ, ಸಾರವೆಯ ಮೇಲೆ ಮರಳಿನ ಡಬ್ಬಿ. ಎತ್ತಬೇಕಾದರೆ ಜಾಕಿ, ಇಳಿಸಬೇಕಾದರೆ ಡಬ್ಬಿಯಿಂದ ಮರಳು ಬಿಡುವುದು. ಸೂಜಿಯಿಲ್ಲದ ಎರಡು ಸಿರಿಂಜಿಗೆ ಒಂದು ಕೊಳವೆ ಸೇರಿಸಿ ನೀರು ತುಂಬಿದರೆ ಜಾಕಿ ತಯಾರು. ಗಾಳಿಗುಳ್ಳೆ ಉಳಿದರೆ ಮಾತ್ರ ಮೆತ್ತಗಾಗಿ ಕೆಲಸ ಕೆಡುತ್ತದೆ.

ಕಾಲುಗಳ ನಡುವಿನ ಕಮಾನು ಗೋಪುರವನ್ನು ಹೊತ್ತಿದೆ ಎಂದು ಬಹಳ ಮಾದರಿಗಳಲ್ಲಿ ಅದನ್ನೇ ದಪ್ಪ ಮಾಡುತ್ತಾರೆ. ಅದು ಹೆಚ್ಚಾಗಿ ಅಲಂಕಾರದ್ದು. ಕಾಲುಗಳ ಬಾಗು ಮಾತ್ರ ಗಾಳಿಯ ಲೆಕ್ಕದಿಂದ ಬಂದದ್ದು, ನೇರ ಕಡ್ಡಿ ಇಟ್ಟರೆ ಕರೆಂಟ್ ಕಂಬ ಆಗುತ್ತದೆ. ತಳ 25 ಸೆಂ.ಮೀ., ಎತ್ತರ 66. ಈಗ ತೂಕ: ಕಬ್ಬಿಣ 7,300 ಟನ್. ಹನ್ನೆರಡೂವರೆ ಕೋಟಿಯಿಂದ ಭಾಗಿಸಿದರೆ 58 ಗ್ರಾಂ! ಮೊಣಕಾಲು ದಾಟುವ ಗೋಪುರ, ಬೆರಳುದ್ದದ ಪೀಸಾದ ಅರ್ಧ ತೂಕ. ಅದರ ಅರ್ಧ ಎತ್ತರವೂ ಇಲ್ಲದ ಪಿರಮಿಡ್ಡೋ 46 ಕಿಲೋ. ತಕ್ಕಡಿಯ ಒಂದು ತಟ್ಟೆಗೆ 58 ಗ್ರಾಂ ಕಬ್ಬಿಣದ ಮೊಳೆ, ಇನ್ನೊಂದಕ್ಕೆ 116 ಗ್ರಾಂ ಕಲ್ಲು ಹಾಕಿ, ಪಕ್ಕದಲ್ಲಿ ಮರಳಿನ ಮೂಟೆ ಇಡಬೇಕು. ಇಡೀ ಪ್ರದರ್ಶನದಲ್ಲಿ ಮಕ್ಕಳು ಮತ್ತೆ ಮತ್ತೆ ಮುಟ್ಟುವ ಮೇಜು ಇದೇ ಆಗುತ್ತದೆ.

ದುಬೈನಲ್ಲಿ ವಿಮಾನ ಬದಲಿಸುವ ಬಿಡುವು ಸಾಕು. 828 ಮೀಟರಿನ ಬುರ್ಜ್ ಖಲೀಫಾ ಮಾದರಿಯಲ್ಲಿ 166 ಸೆಂ.ಮೀ., ಮೇಜಿನ ಮೇಲೆ ಇಡುವಂತಿಲ್ಲ. ಜನ ಇರುವ ಅಂತಸ್ತು 585 ಮೀಟರಿಗೇ ಮುಗಿಯುತ್ತದೆ, ಮೇಲಿನದು ಬರೀ ಮೊನೆ; ಆ 49 ಸೆಂ.ಮೀ. ಅನ್ನು ಬಗ್ಗುವ ಸ್ಪಂಜಿನಲ್ಲೇ ಮಾಡಬೇಕು, ಕಣ್ಣಿಗೆ ಚುಚ್ಚಬಾರದಲ್ಲ. ಮೂರೆಸಳಿನ ನಕ್ಷೆ, ಎಸಳುಗಳು ಸುತ್ತು ಸುತ್ತಾಗಿ ಬೇರೆ ಬೇರೆ ಎತ್ತರಕ್ಕೆ ನಿಲ್ಲುತ್ತವೆ. ಗಾಳಿಯ ಸುಳಿಗಳು ಒಂದೇ ತಾಳಕ್ಕೆ ಬಿದ್ದು ಕಟ್ಟಡವನ್ನು ತೂಗದಿರಲೆಂದು ಹೀಗೆ. ಕೆಳಗೆ 192 ಕಾಂಕ್ರೀಟ್ ಪೈಲುಗಳು, ಅಂದರೆ ಬುನಾದಿಯ ಕಂಬಗಳು, 50 ಮೀಟರಿಗೂ ಆಳಕ್ಕೆ ಹೋಗಿವೆ. ಮಾದರಿಯನ್ನು 10 ಸೆಂ.ಮೀ. ಎತ್ತರದ ಗಾಜಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ ಒಳಗೆ ಕಡ್ಡಿಗಳನ್ನು ಇಳಿಬಿಟ್ಟರೆ ಅದೂ ಕಾಣುತ್ತದೆ.

ಸಿಡ್ನಿಯಲ್ಲಿ ಸರ್ಕ್ಯುಲರ್ ಕೀ ದೋಣಿಕಟ್ಟೆಯಿಂದ ನೀರಿನ ಅಂಚು ಹಿಡಿದು ಕೆಲವು ನಿಮಿಷ ನಡೆದರೆ ಒಪೆರಾ ಹೌಸ್. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ 1957ರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ಚಿತ್ರದಲ್ಲಿ ಚಾವಣಿಯ ಚಿಪ್ಪುಗಳಿಗೆ ಒಂದು ಗೊತ್ತಾದ ಬಾಗಿರಲಿಲ್ಲ, ಪ್ರತಿಯೊಂದಕ್ಕೂ ಬೇರೆ ಅಚ್ಚು ಬೇಕಿತ್ತು. 1961ರಲ್ಲಿ ಬಿಡಿಸಿಕೊಂಡ ಒಗಟು ಇದು: ಎಲ್ಲ ಚಿಪ್ಪುಗಳನ್ನೂ 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸುವುದು. ಬಾಗು ಒಂದೇ ಆದ್ದರಿಂದ ಅವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಎರಕ ಹೊಯ್ಯಬಹುದು. ಮಾದರಿಗೆ ಇದಕ್ಕಿಂತ ಅನುಕೂಲ ಇನ್ನೇನು? 30 ಸೆಂ.ಮೀ. ಅಡ್ಡಳತೆಯ ಟೊಳ್ಳು ಪ್ಲಾಸ್ಟಿಕ್ ಚೆಂಡುಗಳು ಬೇಕು, ಒಂದು ಸಾಲದು. ಊದಿದ ಬಲೂನಿನ ಮೇಲೆ ಕಾಗದ ಅಂಟಿಸಿದರೆ ಗೋಳ ಬರುವುದಿಲ್ಲ, ಕೊಡದ ಆಕಾರ ಬರುತ್ತದೆ. ಚೆಂಡಿನ ಮೇಲೆ ಒಂದು ಬಿಂದು ಗುರುತಿಸಿ ಅಲ್ಲಿಂದ ಕಿತ್ತಳೆ ತೊಳೆಯಂತೆ ಗೆರೆಗಳನ್ನು ಹೊರಡಿಸಬೇಕು. ಕಾಂಕ್ರೀಟ್ ಪಕ್ಕೆಗಳು ಸಾಗುವುದೂ ಹೀಗೇ, ಬುಡದ ಒಂದೇ ಜಾಗದಿಂದ ಬೀಸಣಿಗೆಯಂತೆ. ಒಂದು ಓರೆ ತ್ರಿಕೋನ ಕತ್ತರಿಸಿ, ಅದರ ಕನ್ನಡಿ ಪ್ರತಿಬಿಂಬದಂಥ ಇನ್ನೊಂದನ್ನು ಕತ್ತರಿಸಿ ನೆತ್ತಿಯಲ್ಲಿ ಸೇರಿಸಿದರೆ ಒಂದು ಚಿಪ್ಪು. ಮರೆತು ಎರಡನ್ನೂ ಒಂದೇ ನಮೂನೆ ಕತ್ತರಿಸಿದರೆ ಎರಡೂ ಒಂದೇ ಮಗ್ಗುಲಿನ ಎಡ ಚಪ್ಪಲಿಗಳಾಗುತ್ತವೆ, ಚೆಂಡು ವ್ಯರ್ಥ.

ಹತ್ತು ಲಕ್ಷ ದಾಟುವ ಹೆಂಚುಗಳನ್ನು ಬಿಡಿಸುವ ಗೋಜಿಗೆ ಹೋಗಬಾರದು. 12 ಸೆಂ.ಮೀ.ನ ಹೆಂಚು ಇಲ್ಲಿ ಕಾಲು ಮಿ.ಮೀ. ಆದರೆ ಹತ್ತಿರ ಹೋಗಿ ನೋಡಿದವರಿಗೆ ಗೊತ್ತಾಗುತ್ತದೆ, ಚಿಪ್ಪು ಒಂದೇ ಬಿಳಿಯಲ್ಲ: ಹೆಂಚಿನ ಫಲಕಗಳ ನಡುಭಾಗದಲ್ಲಿ ಹೊಳಪಿನ ಬಿಳಿ, ಅಂಚಿನಲ್ಲಿ ಹೊಳಪಿಲ್ಲದ ಕೆನೆಬಣ್ಣ. ಮೊದಲು ಕೆನೆಬಣ್ಣ ಪೂರ್ತಿ ಬಳಿದು ಒಣಗಿಸಿ, ಪಕ್ಕೆಯ ಗೆರೆಗಳ ಮೇಲೆ ಸಪೂರ ಟೇಪು ಅಂಟಿಸಿ, ಮೇಲೆ ಹೊಳಪಿನ ಬಿಳಿ ಕೊಟ್ಟು, ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪು ಎಳೆಯಬೇಕು. ಒಣಗಿದ ಮೇಲೆ ಎಳೆದರೆ ಅಂಚು ಸಿಪ್ಪೆಯಂತೆ ಎದ್ದುಬರುತ್ತದೆ.