ರೊಟ್ಟಿ ಬಡಿಯುವ ಕೈ ಮತ್ತು ಧಾರಾವಾಹಿಯ ನಿಜ

ಕೊಪ್ಪಳದ ನಮ್ಮ ಓಣಿಯ ಹೆಂಗಸರು ರಾತ್ರಿಯ ಧಾರಾವಾಹಿ ನೋಡುವಾಗ ಎರಡು ಬಗೆಯ ಮಾತನ್ನಾಡುತ್ತಾರೆ. ರೇಷ್ಮೆ ಸೀರೆಯಲ್ಲೇ ಮಲಗಿ, ಕೆದರದ ಮುಡಿಯೊಂದಿಗೆ ಏಳುವ ಸೊಸೆಯನ್ನು ಕಂಡರೆ “ಯಾರ ಮನ್ಯಾಗ ಹಿಂಗ ಇರ್ತಾರವ್ವ?” ಎನ್ನುತ್ತಾರೆ. ಅದೇ ಸೊಸೆ ತವರಿಗೆ ಫೋನು ಮಾಡಿ, ಅಳು ನುಂಗಿಕೊಂಡು, ತಾನು ಆರಾಮಾಗಿದ್ದೇನೆ ಎಂದು ತಾಯಿಗೆ ಸುಳ್ಳು ಹೇಳಿದಾಗ “ಇದು ಖರೇ ನೋಡು” ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಸಂಶೋಧನೆ ಮಾಡಿದ ಇಯೆನ್ ಆಂಗ್ 1980ರ ದಶಕದಲ್ಲಿ ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯ ಪ್ರೇಕ್ಷಕರ ಪತ್ರಗಳನ್ನು ಓದಿ ಗುರುತಿಸಿದ್ದೂ ಇದನ್ನೇ: ತೈಲೋದ್ಯಮದ ಶ್ರೀಮಂತರ ಅರಮನೆಯಂಥ ಬದುಕು ತಮ್ಮದಲ್ಲವೆಂದು ತಿಳಿದೂ ಆ ಮನೆಯ ಜಗಳ, ಹೊಟ್ಟೆಕಿಚ್ಚು, ಒಂಟಿತನಗಳನ್ನು ಜನ ನಿಜವೆಂದು ಒಪ್ಪಿಕೊಂಡಿದ್ದರು. ಇದನ್ನು ಅವರು ಭಾವನಾತ್ಮಕ ವಾಸ್ತವತೆ ಎಂದು ಕರೆದರು.

ಈ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಲು ಮನಸ್ಸಿಲ್ಲ. ನಮ್ಮ ದೊಡ್ಡಾಟದ ಭೀಮ ಕಿರೀಟ, ಭುಜಕೀರ್ತಿ ತೊಟ್ಟು ಬೆಳಗಿನವರೆಗೆ ಕುಣಿದರೂ ಯಾರೂ ಅವನ ವೇಷವನ್ನು ಪ್ರಶ್ನಿಸುವುದಿಲ್ಲ, ಏಕೆಂದರೆ ದೊಡ್ಡಾಟ ತಾನು ಆಟವೆಂದೇ ಹೇಳಿಕೊಂಡು ಬರುತ್ತದೆ. ಧಾರಾವಾಹಿ ಹಾಗಲ್ಲ, ಅದು ನಿಮ್ಮ ಪಕ್ಕದ ಮನೆಯ ಕಥೆ ಎಂದು ಹೇಳಿಕೊಂಡು ನಡುಮನೆಗೆ ಬರುತ್ತದೆ. ಆದ್ದರಿಂದ ಆ ಪಕ್ಕದ ಮನೆಯಲ್ಲಿ ಕೆಲಸ, ಸದ್ದು, ಕಾಲ ಇವೆಲ್ಲ ಹೇಗಿವೆ ಎಂದು ಕೇಳುವ ಹಕ್ಕು ನೋಡುವವರಿಗಿದೆ.

ಕ್ಯಾಮೆರಾ ಇಟ್ಟ ಮಾತ್ರಕ್ಕೆ ನಿಜ ಬಂದುಬಿಡುವುದಿಲ್ಲ, ಅದನ್ನು ಕಟ್ಟಬೇಕಾಗುತ್ತದೆ. 1966ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಕ್ಯಾಥಿ ಕಮ್ ಹೋಮ್’ ನಾಟಕವನ್ನು ನಿರ್ದೇಶಕ ಕೆನ್ ಲೋಚ್ ಬಹುಪಾಲು ಸ್ಟುಡಿಯೊದಿಂದ ಹೊರಗೆ, ಹಗುರವಾದ 16 ಎಂ.ಎಂ. ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಮನೆಯಿಲ್ಲದವರ ಪಾಡನ್ನು ಹೇಳುವ ಆ ಕಥೆ ಸುದ್ದಿಚಿತ್ರದಂತೆ ಕಂಡದ್ದರಿಂದಲೇ ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ನಮ್ಮಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಕಾಲ್ಪನಿಕ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿದಾಗ ಆ ಕಲ್ಪನೆಯ ಊರನ್ನು ನಿಜವಾಗಿ ಇದ್ದಂತೆ ಮಾಡಿದ್ದು ಅಲ್ಲಿಯ ಹಳೆಯ ಮನೆ, ಬೀದಿಗಳೇ.

ಆದರೆ ಸ್ಥಳಕ್ಕಿಂತಲೂ ಹೆಚ್ಚು ನಂಬಿಸುವುದು ಕೈಗೆಲಸ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಉತ್ತರ ಕರ್ನಾಟಕದ ಮನೆಯೆಂದು ತೋರಿಸಲು ಧಾರಾವಾಹಿಗಳು ರೊಟ್ಟಿಯ ದೃಶ್ಯವನ್ನು ತಪ್ಪದೆ ಇಡುತ್ತವೆ. ಅಲ್ಲಿ ಬೆಂದ ರೊಟ್ಟಿಗಳ ಅಡಕು ಮೊದಲೇ ಸಿದ್ಧವಾಗಿರುತ್ತದೆ, ನಟಿಯ ಮೊಣಕೈವರೆಗೆ ಎಲ್ಲೂ ಹಿಟ್ಟು ಅಂಟಿರುವುದಿಲ್ಲ. ನಿಜವಾಗಿ ಬಿಸಿ ನೀರು ಹಾಕಿ ನಾದಿದ ಜೋಳದ ಹಿಟ್ಟನ್ನು ಬಡಿಯುವಾಗ ಅಂಗೈಯ ಒತ್ತಡದಿಂದಲೇ ರೊಟ್ಟಿ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಆ ನೀರು ಆರುತ್ತಿದ್ದಂತೆ ಮಗುಚಬೇಕು. ಈ ನಡುವೆ ಯಾರಾದರೂ ಬಂದು ಮಗಳ ಸಂಬಂಧ ಮುರಿದ ಸುದ್ದಿ ಹೇಳಿದರೆ ಬಡಿತದ ಲಯ ಒಂದು ಕ್ಷಣ ತಪ್ಪುತ್ತದೆ, ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತದೆ. ಗುಡುಗಿನ ಸದ್ದು ಹಾಕಿ ಒಂದೇ ಮುಖವನ್ನು ಮೂರು ಸಲ ತೋರಿಸುವುದಕ್ಕಿಂತ ಆ ತಪ್ಪಿದ ಬಡಿತ ತಾಯಿಯ ಎದೆಯ ನೋವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಮಾತನ್ನು ಆಮೇಲೆ ಡಬ್ಬಿಂಗ್ ಮಾಡುವಾಗ ಇಂಥ ಸದ್ದನ್ನು ಮತ್ತೆ ಕಟ್ಟುವ ಗೋಜಿಗೆ ಹೋಗದಿದ್ದರೆ ಅದು ಉಳಿಯುವುದಿಲ್ಲ. ಸ್ಥಳದಲ್ಲೇ ಧ್ವನಿ ಹಿಡಿಯುವಾಗಲೂ ಫ್ಯಾನು ನಿಲ್ಲಿಸುತ್ತಾರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯ ಮನೆಯಲ್ಲಿ ಫ್ಯಾನಿನ ಸದ್ದೂ ಇಲ್ಲ, ಯಾರಿಗೂ ಬೆವರೂ ಇಲ್ಲವೆಂದರೆ ನಂಬುವುದು ಕಷ್ಟ.

ಮಾತಿನ ವಿಷಯದಲ್ಲಿಯೂ ಅಷ್ಟೇ. ರಾಯಚೂರಿನ ಮಾತಿನಲ್ಲಿ ಉರ್ದು, ತೆಲುಗು ಬೆರೆತಿವೆ, ಧಾರವಾಡದ ಧಾಟಿ ಬೇರೆ; ಎಲ್ಲರ ಬಾಯಲ್ಲೂ ಒಂದೇ ಬಗೆಯ ಮಾತು ತುರುಕಿದರೆ ಅದು ಯಾವ ಊರಿನದೂ ಆಗುವುದಿಲ್ಲ.

ದಿನವಹಿ ಧಾರಾವಾಹಿಯ ದೊಡ್ಡ ಶಕ್ತಿ ಇರುವುದು ಕಾಲದಲ್ಲಿ. ನಮ್ಮ ಮನೆಯಲ್ಲಿ ದೀಪಾವಳಿ ಬಂದಾಗ ಅವರ ಮನೆಯಲ್ಲೂ ಬರುತ್ತದೆ; ಮಕ್ಕಳು ನಮ್ಮ ಕಣ್ಣೆದುರೇ ದೊಡ್ಡವರಾಗುತ್ತಾರೆ. ಆ ಶಕ್ತಿ ಹಬ್ಬಗಳಿಗಷ್ಟೇ ಖರ್ಚಾಗುತ್ತಿರುವುದು ನನಗೆ ನೋವಿನ ಸಂಗತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ (ನೀರು ಬಿಡುವ ಬಾಗಿಲು) ಕೊಚ್ಚಿಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿಯ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ತಾತ್ಕಾಲಿಕ ಗೇಟ್ ಕೂರುವವರೆಗೆ ಹರಿದುಹೋಗುತ್ತಿದ್ದ ನೀರನ್ನು ನೋಡಿ ಭತ್ತ ಹಚ್ಚಿದವರು ನಿದ್ದೆಗೆಟ್ಟಿದ್ದರು. ನಾನು ನೋಡುತ್ತಿದ್ದ ಧಾರಾವಾಹಿಗಳ ಯಾವ ಮನೆಗೂ ಆ ಸುದ್ದಿ ತಲುಪಲಿಲ್ಲ. ಕಂತುಗಳನ್ನು ಮುಂಚಿತವಾಗಿ ಚಿತ್ರೀಕರಿಸಿ ಇಟ್ಟಿರುತ್ತಾರೆ, ಮರುದಿನವೇ ಬರಲೆಂದು ಯಾರೂ ಕೇಳುವುದಿಲ್ಲ. ಆದರೆ ಕೆಲವು ವಾರಗಳ ನಂತರವಾದರೂ, ಒಕ್ಕಲುತನದ ಮನೆಯ ಯಜಮಾನನೆಂದು ಪರಿಚಯಿಸಿದ ಮಾವ, ಸೊಸೆಯ ಜಗಳದ ನಡುವೆ ಚಹಾದ ಕಪ್ಪು ಕೆಳಗಿಟ್ಟು “ಎರಡನೇ ಬೆಳಿಗೆ ನೀರು ಬಿಡ್ತಾರಂತೇನು?” ಎಂದು ಮಗನನ್ನು ಕೇಳಬಹುದಿತ್ತು.