ವಡಗಾವಿ ಮನೆ ಲ್ಯಾಬ್: ಎರಡು ಸ್ವಿಚ್, ಒಂದು ಕೇಬಲ್, ಮೂರು ರಾತ್ರಿ

ಮೊದಲು ಸೆಟಪ್ ಹೇಳಿಬಿಡುತ್ತೇನೆ. ಬೆಳಗಾವಿಯ ವಡಗಾವಿಯಲ್ಲಿ ಕೆಳಗೆ ಕಾಕಾನ ಪವರ್‌ಲೂಮ್ ಶೆಡ್, ಮೇಲೆ ನಮ್ಮ ಮನೆ. ಮೇಲೆ ಸಿಸ್ಕೊ 2960 ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ), ಕೆಳಗೆ ಎಚ್‌ಪಿ ಪ್ರೊಕರ್ವ್ 2510. ಎರಡೂ ಸೆಕೆಂಡ್ ಹ್ಯಾಂಡ್. ನಡುವೆ ಒಂದೇ ಕೇಬಲ್, ಎರಡೂ ಕಡೆ 24ನೇ ಪೋರ್ಟ್. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆಯಾಗಿ ಓಡುವ ನೆಟ್‌ವರ್ಕ್. ಮನೆಗೆ ವಿಲ್ಯಾನ್ 10, ಶೆಡ್ಡಿನ ಕ್ಯಾಮೆರಾಗಳಿಗೆ 20. ನನ್ನ ಪ್ರಯೋಗಕ್ಕೆ 30 ಆಮೇಲೆ.

ಶುಕ್ರವಾರ ರಾತ್ರಿ

ಸಿಸ್ಕೊ ಪೋರ್ಟ್ ತಾನಾಗಿ ಟ್ರಂಕ್ (ಒಂದೇ ಕೇಬಲ್ಲಿನಲ್ಲಿ ಹಲವು ವಿಲ್ಯಾನ್ ಸಾಗಿಸುವ ಪೋರ್ಟ್) ಆಗಲಿಲ್ಲ. ಮಾತುಕತೆಗೆ ಅದು ಬಳಸುವ ಡಿಟಿಪಿ ಸಿಸ್ಕೊದ್ದೇ ಸ್ವಂತ ಭಾಷೆ, ಎಚ್‌ಪಿಗೆ ಬರಲ್ಲ. 'ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್' ಎಂದು ಕೈಯಾರೆ ಬರೆದೆ. ಅಷ್ಟೇ.

ತಲೆ ಕೆಟ್ಟಿದ್ದು ಎಚ್‌ಪಿ ಕಡೆ. ಅಲ್ಲೂ 'ಟ್ರಂಕ್' ಎಂಬ ಕಮಾಂಡ್ ಇದೆ, ಖುಷಿಯಿಂದ ಹೊಡೆದೆ. ಲಿಂಕ್ ದೀಪ ಹಸಿರು. ಎಚ್‌ಪಿಯ ಐಪಿಗೆ (ಅದರ ನೆಟ್‌ವರ್ಕ್ ವಿಳಾಸಕ್ಕೆ) ಪಿಂಗ್, ಅಂದರೆ ತಲುಪುತ್ತದಾ ಎಂದು ನೋಡುವ ಪರೀಕ್ಷೆ, ಕೂಡ ಹೋಗುತ್ತಿದೆ. ಆದರೆ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಹಚ್ಚಿದರೆ ಸಿಗುವುದು ಅದು ತಾನೇ ಹಾಕಿಕೊಳ್ಳುವ 169.254ರ ವಿಳಾಸ. ಅಂದರೆ ವಿಳಾಸ ಹಂಚುವ ಡಿಎಚ್‌ಸಿಪಿ ತನಕ ಮಾತೇ ಹೋಗುತ್ತಿಲ್ಲ. ಒಂದು ತಾಸು ಸುಮ್ನೆ ಕೇಬಲ್ ಬದಲಿಸಿದೆ, ಪಾಪ ಅದರ ತಪ್ಪೇನೂ ಇರಲಿಲ್ಲ.

ಪ್ರೊಕರ್ವ್‌ನಲ್ಲಿ ಟ್ರಂಕ್ ಅಂದರೆ ಹಲವು ಪೋರ್ಟ್‌ಗಳನ್ನು ಕಟ್ಟಿ ಒಂದು ಮಾಡುವುದು. ಸಿಸ್ಕೊದವರು ಅದಕ್ಕೆ ಈಥರ್‌ಚಾನಲ್ ಅನ್ನುತ್ತಾರೆ. ನನ್ನ 24ನೇ ಪೋರ್ಟ್ ಹೋಗಿ 'ಟಿಆರ್‌ಕೆ1' ಆಗಿತ್ತು, ಅದು ಬರೀ ವಿಲ್ಯಾನ್ 1ರಲ್ಲಿ (ಸ್ವಿಚ್‌ನ ಮೂಲ ವಿಲ್ಯಾನ್, ಎಚ್‌ಪಿಯ ಐಪಿಯೂ ಅಲ್ಲೇ) ಕೂತಿತ್ತು. ಪಿಂಗ್ ಹೋಗುತ್ತಿದ್ದದ್ದು ಅದಕ್ಕೇ. ಟ್ರಂಕ್ ತೆಗೆದು 10 ಮತ್ತು 20ರ ಒಳಗೆ 24ನ್ನು 'ಟ್ಯಾಗ್ಡ್' (ವಿಲ್ಯಾನ್ ನಂಬರಿನ ಚೀಟಿ ಹಚ್ಚಿ ಕಳಿಸುವಂತೆ) ಮಾಡಿದೆ. ತಕ್ಷಣ ಐಪಿ ಬಂತು.

ಶನಿವಾರ

ಏನು ಮಾಡ್ತಿದ್ದೀಯ ಎಂದು ಕಾಕಾ ಕೇಳಿದರು. ಪ್ರತಿ ಫ್ರೇಮಿಗೂ (ಡೇಟಾ ತುಣುಕಿಗೂ) 4 ಬೈಟ್‌ನ ಟ್ಯಾಗ್, ಅದರಲ್ಲಿ 12 ಬಿಟ್ ವಿಲ್ಯಾನ್ ನಂಬರಿಗೆ, ಹೀಗೆ 4094 ತನಕ ಹೋಗಬಹುದು ಎಂದೆ. "ಒಂದ ಹಾಸಿನ್ಯಾಗ ಬ್ಯಾರೆ ಬ್ಯಾರೆ ಬಣ್ಣದ ಎಳಿ ಇದ್ದಂಗ ಅನ್ನು" ಎಂದರು. ನನಗಿಂತ ಚೆನ್ನಾಗಿ ಹೇಳಿದರು ಅಲ್ವಾ?

ಮುಂದಿನ ಎಡವಟ್ಟು ಬಣ್ಣ ಇಲ್ಲದ ಎಳೆಯದ್ದೇ. ವಿಲ್ಯಾನ್ 1 ಬೇಡವೆಂದು ಸಿಸ್ಕೊದಲ್ಲಿ ನೇಟಿವ್ (ಟ್ಯಾಗ್ ಇಲ್ಲದ ಫ್ರೇಮ್ ಸೇರುವ ವಿಲ್ಯಾನ್) 99 ಮಾಡಿದೆ. ಎಚ್‌ಪಿ ಮಾತ್ರ 24ರಲ್ಲಿ ಟ್ಯಾಗ್ ಇಲ್ಲದ್ದನ್ನು 1 ಎಂದೇ ತಿಳಿದಿತ್ತು. ಮೇಲೆ ಅದು 99ಕ್ಕೆ ಬೀಳುತ್ತಿತ್ತು. ಕ್ಯಾಮೆರಾ ಎಲ್ಲ ಸರಿ, ಎಚ್‌ಪಿಯ ಐಪಿ ಮಾತ್ರ ಮಾಯ. ಎರಡೂ ಸಿಸ್ಕೊ ಆಗಿದ್ದರೆ ಸಿಡಿಪಿ (ಸಿಸ್ಕೊ ಸ್ವಿಚ್‌ಗಳು ಪರಸ್ಪರ ಪರಿಚಯ ಹೇಳಿಕೊಳ್ಳುವ ಭಾಷೆ) ನೇಟಿವ್ ತಾಳೆಯಾಗುತ್ತಿಲ್ಲ ಎಂದು ಲಾಗ್ ತುಂಬಾ ಕಿರುಚುತ್ತಿತ್ತು. ಇಲ್ಲಿ ಎರಡೂ ಗಪ್‌ಚುಪ್. ಕನ್ಸೋಲ್ ಕೇಬಲ್ ಹಿಡಿದು ಕೆಳಗಿಳಿದೆ. ವಿಲ್ಯಾನ್ 99 ಮಾಡಿ, 24ನ್ನು ಅದರಲ್ಲಿ 'ಅನ್‌ಟ್ಯಾಗ್ಡ್' ಹಾಕಿ, ಐಪಿಯನ್ನೂ ಅಲ್ಲಿಗೇ ಸಾಗಿಸಿದೆ. ಸೇವ್ ಮಾಡುವ ಮೊದಲೇ ಕರೆಂಟ್ ಹೋಯಿತು. ಮತ್ತೆ ಮೊದಲಿನಿಂದ.

ಭಾನುವಾರ

ಸಿಸ್ಕೊದಲ್ಲಿ 10, 20, 99 ಮಾತ್ರ ಬಿಡುವಂತೆ ಪಟ್ಟಿ ಹಾಕಿದ್ದೆ. ಅದಕ್ಕೆ 30 ಸೇರಿಸಲು 'ಅಲೌಡ್ ವಿಲ್ಯಾನ್ 30' ಎಂದು ಹೊಡೆದೆ. ಎರಡೇ ನಿಮಿಷಕ್ಕೆ ಕೆಳಗಿನಿಂದ ಫೋನ್: "ಏನೋ ತಮ್ಮಾ, ಕ್ಯಾಮೆರಾ ಎಲ್ಲಾ ಬಂದ್ ಆಗ್ಯಾವಲ್ಲೋ!" ನಡುವೆ 'ಆಡ್' ಎಂಬ ಪದ ಬಿಟ್ಟರೆ ಹಳೇ ಪಟ್ಟಿ ಅಳಿದು ಹೊಸದಷ್ಟೇ ಉಳಿಯುತ್ತದೆ. ಇದು ಗೊತ್ತಿದ್ದೂ ಮಾಡಿದೆ, ಅದೇ ಜಾಸ್ತಿ ಬೇಜಾರು. ಎಲ್ಲ ನಂಬರ್ ಮತ್ತೆ ಬರೆದು, ಎಚ್‌ಪಿಯಲ್ಲೂ 30 ಟ್ಯಾಗ್ ಮಾಡಿ, ಈ ಸಲ ಮೊದಲು ಸೇವ್ ಹೊಡೆದೆ.

ಈಗ ಮೂರೂ ಓಡುತ್ತಿವೆ. ಎರಡು ಕೇಬಲ್ ಹಾಕಿದರೆ ಫ್ರೇಮ್ ಸುತ್ತುತ್ತಲೇ ಇರದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಇನ್ನೂ ಮುಟ್ಟಿಲ್ಲ. ಸಿಸ್ಕೊದ್ದು ವಿಲ್ಯಾನ್‌ಗೊಂದು ಮರ, ಎಚ್‌ಪಿಯದ್ದು ಹಾಗಲ್ಲ. ಎರಡನೇ ಕೇಬಲ್ ಎಳೆದಾಗಿದೆ. ಅದರ ತುದಿಯನ್ನು ಶೆಡ್ಡಿನ ಮೊಳೆಗೆ ಸುತ್ತಿಟ್ಟಿದ್ದೇನೆ, ಯಾರೂ ಚುಚ್ಚಬೇಡಿ ಎಂದು ಚೀಟಿ ಅಂಟಿಸಿ.